ಹಾರಿಸದ ಗುಂಡಿಗೂ ಅಂಕವಿದೆ

ಹವ್ಯಾಸಿ ಶೂಟರ್‌ಗಳ ಹೊಸ ವರ್ಷಕ್ಕೆ ಹದಿಮೂರು ಸೂತ್ರಗಳು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಬೆಳಿಗ್ಗೆ ಜಿಮ್‌ಖಾನಾ ಮೈದಾನದ ಆಟ, ಸಂಜೆ ಸವಾಯಿ ಗಂಧರ್ವ ಹಾಲ್‌ನ ಪಾಟ. ಶೂಟಿಂಗ್ ಇವೆರಡರ ನಡುವಿನದು. ಹೆಸರಿಗೆ ಆಟವಾದರೂ ಕಲಿಯುವ ಬಗೆ ಸಂಗೀತಗಾರರ ರಿಯಾಜಿನದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ಮೂರು ಶೂಟಿಂಗ್‌ನಿಂದ ಬಂದ ಮೇಲೆ ನೌಕರಿಯವರು, ಗೃಹಿಣಿಯರು, ನಿವೃತ್ತರು ಸಹ ಏರ್ ಪಿಸ್ತೂಲ್ ಹಿಡಿದು ನೋಡುವ ಆಸೆ ಪಟ್ಟಿದ್ದಾರೆ. ಹತ್ತು ಮೀಟರ್ ಉದ್ದದ ಕೋಣೆ ಇದ್ದರೆ ರೇಂಜ್ ಸಿದ್ಧ. ಆದರೆ ವರ್ಷ ಕಳೆದರೂ ಅಂಕ ಇದ್ದಲ್ಲೇ ಇರುತ್ತದೆ. ಕಾರಣ ಒಂದೇ: ಹೆಚ್ಚು ಗುಂಡು ಹಾರಿಸಿದರೆ ಹೆಚ್ಚು ಅಂಕ ಬರುತ್ತದೆ ಎಂಬ ನಂಬಿಕೆ. ಈ ಆಟದ ಬಹುಪಾಲು ಗಳಿಕೆ ಆಗುವುದು ಗುಂಡು ಹಾರದ ಹೊತ್ತಿನಲ್ಲಿ.

ನಮ್ಮ ಕಡೆ ಆಯುಧಗಳಿಗೆ ಅರಿಶಿನ ಕುಂಕುಮ ಬೀಳುವುದು ಖಂಡೇಪೂಜೆಯ ದಿನ. ವರ್ಷದ ಲೆಕ್ಕವನ್ನು ಜನವರಿಯಿಂದಲೇ ಹಿಡಿಯಬೇಕೆಂದಿಲ್ಲ, ಖಂಡೇಪೂಜೆಯಿಂದ ಖಂಡೇಪೂಜೆಗೆ ಹಿಡಿಯಿರಿ.

1. ಗುರಿಯನ್ನು ಸಂಖ್ಯೆಯಲ್ಲಿ ಬರೆಯಿರಿ

“ಈ ವರ್ಷ ಚಲೋ ಹೊಡೀಬೇಕ್ರೀ” ಎಂಬುದು ಆಸೆ, ಗುರಿಯಲ್ಲ. 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ 60 ಗುಂಡಿಗೆ ಗರಿಷ್ಠ 600 ಅಂಕ. ಏರ್ ರೈಫಲ್‌ನಲ್ಲಿ ದಶಮಾಂಶದ ಲೆಕ್ಕ, ಒಂದು ಗುಂಡಿಗೆ 10.9ರಂತೆ ಗರಿಷ್ಠ 654. ಇತ್ತೀಚಿನ ಐದಾರು ಪೂರ್ಣ ಸುತ್ತುಗಳ ಸರಾಸರಿ ತೆಗೆಯಿರಿ. ನಿಮ್ಮ ಅತ್ಯುತ್ತಮ ಅಂಕವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅದು ಒಂದು ಒಳ್ಳೆಯ ದಿನದ ಕಥೆ ಅಷ್ಟೇ.

ಸರಾಸರಿ 520 ಇದ್ದವರಿಗೆ 540 ದೂರದ ಬೆಟ್ಟದಂತೆ ಕಾಣುತ್ತದೆ. ಭಾಗಿಸಿ ನೋಡಿ: ಮೂರು ಗುಂಡಿಗೆ ಒಂದು ಅಂಕ ಹೆಚ್ಚು ಬಂದರೆ ಸಾಕು. ಜೊತೆಗೆ ಇನ್ನೊಂದು ಸಂಖ್ಯೆ ಇಟ್ಟುಕೊಳ್ಳಿ. ಹತ್ತು ಗುಂಡಿನ ಆರು ಸೀರೀಸ್‌ಗಳಲ್ಲಿ ನಿಮ್ಮ ಅತಿ ಒಳ್ಳೆಯದಕ್ಕೂ ಅತಿ ಕೆಟ್ಟದ್ದಕ್ಕೂ ಎಷ್ಟು ಅಂತರ? ಆ ಅಂತರ ಕುಗ್ಗಿದರೆ ಸರಾಸರಿ ತಾನಾಗಿ ಏರುತ್ತದೆ.

2. ಸ್ಪರ್ಧೆಯಿಂದ ಹಿಂದಕ್ಕೆ ಎಣಿಸಿ

1951ರಲ್ಲಿ ಹುಟ್ಟಿದ ಭಾರತ ರಾಷ್ಟ್ರೀಯ ರೈಫಲ್ ಸಂಸ್ಥೆಯ ಅಡಿಯಲ್ಲಿ ರಾಜ್ಯ ಸಂಸ್ಥೆ, ಅದರ ಅಡಿಯಲ್ಲಿ ಕ್ಲಬ್‌ಗಳು. ಹವ್ಯಾಸಿಗೂ ಏಣಿ ಇದೇ: ಕ್ಲಬ್ ಸ್ಪರ್ಧೆ, ರಾಜ್ಯ ಸ್ಪರ್ಧೆ, ಅಲ್ಲಿಂದ ಮೇಲಿನ ಅರ್ಹತಾ ಸ್ಪರ್ಧೆಗಳು, ಆಮೇಲೆ ರಾಷ್ಟ್ರೀಯ. ಪ್ರತಿ ಮೆಟ್ಟಿಲಿಗೂ ಕನಿಷ್ಠ ಅಂಕವಿರುತ್ತದೆ. ವಯಸ್ಸು, ವಿಭಾಗ, ವರ್ಷಕ್ಕೆ ತಕ್ಕಂತೆ ಅದು ಬದಲಾಗುವುದರಿಂದ ಹೋದ ವರ್ಷದ ಅಂಕ ನಂಬಿ ಕೂರಬೇಡಿ, ಕೋಚ್ ಬಳಿ ಈ ವರ್ಷದ್ದನ್ನು ಕೇಳಿ.

ಒಂದು ಸ್ಪರ್ಧೆ ಆರಿಸಿ, ಆ ತಾರೀಖಿನಿಂದ ಹಿಂದಕ್ಕೆ ಎಣಿಸಿ. ಕೊನೆಯ ತಿಂಗಳು ಪೂರ್ಣ 60 ಗುಂಡಿನ ಸುತ್ತುಗಳಿಗೆ, ಅದರ ಹಿಂದಿನ ತಿಂಗಳುಗಳು ತಪ್ಪು ತಿದ್ದುವುದಕ್ಕೆ. ಮದುವೆ ಸೀಸನ್, ಗಣಪತಿ ಹಬ್ಬ, ಮಕ್ಕಳ ಪರೀಕ್ಷೆ, ಆಫೀಸಿನ ಮಾರ್ಚ್ ತಿಂಗಳು ಇವನ್ನೆಲ್ಲ ಮೊದಲೇ ಗುರುತು ಹಾಕಿ. ಬಿಡುವಿಲ್ಲದ ವಾರಗಳನ್ನು ಮರೆತು ಮಾಡಿದ ಯೋಜನೆ ದೀಪಾವಳಿ ತನಕವೂ ಉಳಿಯುವುದಿಲ್ಲ.

3. ಬೇಟೆಯನ್ನು ಪಟ್ಟಿಯಿಂದ ಹೊಡೆದುಹಾಕಿ

ಅಜ್ಜನ ಬ್ಯಾಟಿ ಕಥೆ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಕಲಘಟಗಿಯ ಕಾಡು, ದಾಂಡೇಲಿಯ ರಾತ್ರಿ, ಗೋಡೆಗೆ ತೂಗಿದ ಕೊಂಬು. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿದೆ. ಕೃಷ್ಣಮೃಗದಂತಹ ಮೊದಲ ಪಟ್ಟಿಯ ಪ್ರಾಣಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ. ಏರ್‌ಗನ್‌ನಿಂದ ಕಾಡುಹಕ್ಕಿಗೆ ಗುರಿ ಇಡುವುದೂ ಬೇಟೆಯೇ. “ಬರೇ ಛರ್ರೆ ಬಂದೂಕ ರೀ” ಎಂಬ ಸಮಜಾಯಿಷಿ ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ.

ಹೊಲಕ್ಕೆ ಹಂದಿ ನುಗ್ಗಿತು ಎಂದು ಊರಿನ ನೆಂಟರು ಕರೆದರೂ ಬಂದೂಕು ಎತ್ತಿಕೊಂಡು ಹೋಗಬೇಡಿ. ಬೆಳೆ ಹಾನಿಗೆ ಪರಿಹಾರ ಕೇಳುವುದಿರಲಿ, ಪ್ರಾಣಿಯ ಮೇಲೆ ಕ್ರಮ ಬೇಕೆನ್ನುವುದಿರಲಿ, ದಾರಿ ಅರಣ್ಯ ಇಲಾಖೆಯದು. ಶೂಟರ್‌ನ ಹವ್ಯಾಸಕ್ಕೆ ಅಲ್ಲಿ ಜಾಗವಿಲ್ಲ.

ಬೇಟೆಗಾರನ ವಿದ್ಯೆಯನ್ನು ಮಾತ್ರ ಉಳಿಸಿಕೊಳ್ಳಿ. ಕದಲದೆ ಕೂರುವುದು, ಗಾಳಿಯ ದಿಕ್ಕು ಅರಿಯುವುದು, ಅನುಮಾನ ಬಂದರೆ ಬಿಟ್ಟುಬಿಡುವುದು. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದರೆ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್‌ನ ಕಾಡಿನ ಕಥೆಗಳನ್ನು ಓದಿದರೆ, ಬೇಟೆಗಾರ ದಿನದ ಬಹುಪಾಲು ಹೊತ್ತು ಕಾಯುವುದರಲ್ಲೇ ಕಳೆಯುತ್ತಾನೆ ಎಂದು ತಿಳಿಯುತ್ತದೆ. ಆ ಕಾಯುವಿಕೆ ಕಲಿಯಲು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಮಾನ್ಯತೆಯೂ ಸಿಕ್ಕಿದೆ. ಕೃಷ್ಣಮೃಗ ನೋಡಬೇಕೆಂದರೆ ರಾಣೇಬೆನ್ನೂರು ಅಭಯಾರಣ್ಯ ಇದೆ. ಕೈಯಲ್ಲಿ ದುರ್ಬೀನು ಇರಲಿ.

4. ಕಾಗದಪತ್ರದ ದಿನವೊಂದನ್ನು ಇಟ್ಟುಕೊಳ್ಳಿ

ನಿಶ್ಶಸ್ತ್ರೀಕರಣದ ಕಾಯ್ದೆಯ ವಿರುದ್ಧ 1857ರಲ್ಲಿ ಹಲಗಲಿ ಬೇಡರು ಸಿಡಿದೆದ್ದ ನಾಡು ಇದು. ಇಂದಿನ ಹವ್ಯಾಸಿಗೆ ಮಾತ್ರ ಪರವಾನಗಿಯ ಕಾಗದವೇ ರಕ್ಷೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೌಲ್ ಒಳಗಿನ ಶಕ್ತಿಯ ಏರ್ ಗನ್‌ಗೆ ಪರವಾನಗಿ ಬೇಡ. ಆದರೂ ಖರೀದಿ ರಸೀದಿ, ಗುರುತಿನ ಚೀಟಿಯ ಪ್ರತಿಯನ್ನು ಬಂದೂಕಿನ ಪೆಟ್ಟಿಗೆಯಲ್ಲೇ ಇಡಿ. ಮದ್ದಿನ ಬಂದೂಕಿಗೆ ಪರವಾನಗಿ ಬೇಕೇ ಬೇಕು. 2019ರ ತಿದ್ದುಪಡಿಯ ನಂತರ ಅದರ ಅವಧಿ ಐದು ವರ್ಷ, ಸಾಮಾನ್ಯ ಪರವಾನಗಿದಾರರಿಗೆ ಎರಡೇ ಬಂದೂಕು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು ಆಗಬಹುದು.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡು ನಾವೂ ಹಾಗೆ ಮಾಡೋಣ ಎನ್ನುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, ಈಗ 2029ರವರೆಗೆ ವಿಸ್ತರಿಸಿರುವ ಪರವಾನಗಿ ವಿನಾಯಿತಿ ಅದು. ಹುಬ್ಬಳ್ಳಿಯವರಿಗೆ ಅನ್ವಯಿಸದು.

5. ಸುರಕ್ಷತೆಯಲ್ಲಿ ನೂರಕ್ಕೆ ನೂರು

ಉಳಿದೆಲ್ಲ ಗುರಿಗಳಲ್ಲಿ ಹೆಚ್ಚು ಕಡಿಮೆ ಆಗಬಹುದು, ಇದರಲ್ಲಿ ಆಗಬಾರದು. ನಳಿಕೆ ಸದಾ ಟಾರ್ಗೆಟ್ ಕಡೆ ಅಥವಾ ನೆಲದ ಕಡೆ. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ಖಾಲಿ ಇದೆ ಎಂದು ಎಷ್ಟೇ ಖಾತ್ರಿ ಇದ್ದರೂ ತುಂಬಿದೆ ಎಂದೇ ನಡೆಸಿಕೊಳ್ಳಿ. ಕೆಳಗಿಟ್ಟ ಕೂಡಲೇ ನಳಿಕೆಯೊಳಗೆ ಬಣ್ಣದ ಸುರಕ್ಷಾ ದಾರ ಹಾಕಿ. ಮನೆಯಲ್ಲಿ ಬಂದೂಕು ಒಂದು ಬೀಗದಲ್ಲಿ, ಪೆಲೆಟ್ (ಏರ್ ಗನ್ನಿನ ಗುಂಡು) ಇನ್ನೊಂದರಲ್ಲಿ.

ಪೆಲೆಟ್‌ಗಳು ಸಾಮಾನ್ಯವಾಗಿ ಸೀಸದವು. ರೇಂಜಿನಿಂದ ಹೊರಬಿದ್ದವರೇ ಗಿರ್ಮಿಟ್, ಮಿರ್ಚಿಗೆ ಕೈ ಹಾಕುವ ಊರು ನಮ್ಮದು. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.

6. ಮೊದಲು ಗುಂಪು, ಆಮೇಲೆ ನಡುಬಿಂದು

ಏರ್ ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಅದಕ್ಕೆ ಬಡಿಯುವ ಪೆಲೆಟ್ ಅದರ ಒಂಬತ್ತು ಪಟ್ಟು ಅಗಲ. ಪಿಸ್ತೂಲ್‌ನ ಹತ್ತರ ವೃತ್ತ 11.5 ಮಿ.ಮೀ. ಹೊಸಬರು ಪ್ರತಿ ಗುಂಡಿಗೂ ಬಂದೂಕಿನ ಸೈಟ್ (ಗುರಿ ಹಿಡಿಯುವ ಗುರುತು) ತಿರುವುತ್ತಾ ಹತ್ತನ್ನು ಬೆನ್ನಟ್ಟುತ್ತಾರೆ. ಮೊದಲ ಮೂರು ತಿಂಗಳು ಅಂಕ ಬರೆಯುವುದನ್ನೇ ಬಿಡಿ. ಹತ್ತು ಗುಂಡುಗಳು ಎಲ್ಲಿ ಬಿದ್ದರೂ ಸರಿ, ಒತ್ತೊತ್ತಾಗಿ ಬೀಳಲಿ. ಗುಂಪು ಬಿಗಿಯಾದ ಮೇಲೆ ಸೈಟ್‌ನ ಸ್ಕ್ರೂ ತಿರುಗಿಸಿ ಅದನ್ನು ನಡುವಿಗೆ ತರುವುದು ಎರಡು ನಿಮಿಷದ ಕೆಲಸ. ಚದುರಿದ ಗುಂಡುಗಳನ್ನು ಒಂದೆಡೆ ಸೇರಿಸುವ ಸ್ಕ್ರೂ ಯಾವ ಬಂದೂಕಿನಲ್ಲೂ ಇಲ್ಲ.

7. ಮನೆಯ ಗೋಡೆಯೇ ರೇಂಜ್

ವಾರದಲ್ಲಿ ಎರಡು ದಿನ ರೇಂಜಿಗೆ ಹೋದರೆ ಹೆಚ್ಚು. ಉಳಿದ ದಿನ ಮನೆಯಲ್ಲಿ ಹದಿನೈದು ನಿಮಿಷ ಡ್ರೈ ಪ್ರಾಕ್ಟೀಸ್ ಮಾಡಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಬಿಳಿ ಗೋಡೆಯ ಎದುರು ನಿಂತು ಎತ್ತಿ, ಸೈಟ್ ಸರಿಹೊಂದಿಸಿ, ಟ್ರಿಗರ್ ಒತ್ತಿ. ಒತ್ತುವಾಗ ಸೈಟ್ ಅಲುಗಿತೇ ಎಂಬುದಷ್ಟನ್ನೇ ನೋಡಿ. ರೇಂಜಿನಲ್ಲಿ ಸಿಡಿತದ ಹಿಂದೆ ಅಡಗಿಕೊಳ್ಳುವ ತಪ್ಪು ಇಲ್ಲಿ ಬೆತ್ತಲಾಗುತ್ತದೆ. ಹಾಲ್ ಐದೇ ಮೀಟರ್ ಇದ್ದರೆ ಟಾರ್ಗೆಟ್ ಚಿತ್ರವನ್ನು ಅರ್ಧಕ್ಕೆ ಇಳಿಸಿ ಅಂಟಿಸಿ, ಕಣ್ಣಿಗೆ ಕಾಣುವ ಗಾತ್ರ ಅದೇ.

ಒಂದು ಎಚ್ಚರ: ಸ್ಪರ್ಧೆಯ ಪಿಸ್ತೂಲ್, ರೈಫಲ್‌ಗಳಲ್ಲಿ ಡ್ರೈ ಫೈರ್‌ಗೆಂದೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್‌ನ ಹಳೇ ಏರ್‌ಗನ್ನನ್ನು ಪೆಲೆಟ್ ಇಲ್ಲದೆ ಹೊಡೆದರೆ ಒಳಗಿನ ಭಾಗ ಹಾಳಾಗುತ್ತದೆ.

8. ಎತ್ತಿದ್ದನ್ನು ಇಳಿಸಲು ಕಲಿಯಿರಿ

ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವವರು ಇದನ್ನು ಪಾಲಿಸಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ 60 ಗುಂಡಿಗೆ ಸಿಗುವುದು 75 ನಿಮಿಷ, ಅಂದರೆ ಒಂದಕ್ಕೆ ಸರಾಸರಿ 75 ಸೆಕೆಂಡ್. ಒಳ್ಳೆಯ ಗುಂಡು ಹಾರಲು ಗುರಿ ಕೂತ ಮೇಲೆ ಏಳೆಂಟು ಸೆಕೆಂಡ್ ಸಾಕು. ಅದು ಮೀರಿತೆಂದರೆ ಉಸಿರು ಕಟ್ಟುತ್ತದೆ, ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ. ಆಗ ಮನಸ್ಸು ಹೇಳುತ್ತದೆ: “ಹೆಂಗೂ ಎತ್ತೀನಿ, ಹೊಡದ ಬಿಡೂಣು.” ಆರು ಏಳು ಅಂಕಗಳು ಬರುವುದು ಈ ಮಾತು ಕೇಳಿದಾಗ.

ಅನುಮಾನ ಬಂದರೆ ಇಳಿಸಿ. ಎರಡು ಉಸಿರು ಬಿಟ್ಟು ಮತ್ತೆ ಎತ್ತಿ. ಸಮಯ ಬೇಕಾದಷ್ಟಿದೆ. ಅಭ್ಯಾಸದ ಪ್ರತಿ ಸುತ್ತಿನಲ್ಲೂ ಎಷ್ಟು ಸಲ ಇಳಿಸಿದಿರಿ ಎಂದು ಬರೆದಿಡಿ. ಒಮ್ಮೆಯೂ ಇಳಿಸದ ದಿನ ಎಲ್ಲೋ ಬಲವಂತದ ಗುಂಡು ಹಾರಿದೆ ಎಂದೇ ತಿಳಿಯಿರಿ.

9. ಕಣ್ಣು ಮುಂದಿನ ಸೈಟ್ ಮೇಲೆ

ಪಿಸ್ತೂಲ್ ಹಿಡಿದವರು ಟಾರ್ಗೆಟ್ ನೋಡುತ್ತಾರೆ, ತಪ್ಪು ಅಲ್ಲೇ. ಲೆಕ್ಕ ಸರಳ. ಮುಂದಿನ ಸೈಟ್‌ಗೂ ಹಿಂದಿನದಕ್ಕೂ ಸುಮಾರು 35 ಸೆಂ.ಮೀ. ಅಂತರವಿದ್ದು, ಅವೆರಡರ ಹೊಂದಾಣಿಕೆ ಒಂದೇ ಒಂದು ಮಿ.ಮೀ. ತಪ್ಪಿದರೆ ಹತ್ತು ಮೀಟರ್ ಆಚೆ ಗುಂಡು ಸುಮಾರು 28 ಮಿ.ಮೀ. ಸರಿಯುತ್ತದೆ. ನಡುವಿಗೆ ಹೋಗಬೇಕಾದ್ದು ಏಳಕ್ಕೆ ಬೀಳುತ್ತದೆ. ಅದೇ ಸೈಟ್‌ಗಳು ಹೊಂದಿದ್ದು ಇಡೀ ಕೈಯೇ ಒಂದು ಸೆಂ.ಮೀ. ಪಕ್ಕಕ್ಕೆ ಸರಿದರೂ ಒಂಬತ್ತು ಸಿಗುತ್ತದೆ. ಹಾಗಾಗಿ ಸೈಟ್ ಸ್ಪಷ್ಟ ಕಾಣಲಿ, ಕಪ್ಪು ವೃತ್ತ ಮಸುಕಾಗಿರಲಿ. ಕೈಯ ಸಣ್ಣ ತೂಗಾಟವನ್ನು ಒಪ್ಪಿಕೊಳ್ಳಿ, ಅದು ಒಲಿಂಪಿಕ್ ಆಟಗಾರರಿಗೂ ಇದೆ.

ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಬಳಿ ಹೋಗಿ, ತೋಳಿನಳತೆಯ ದೂರದಲ್ಲಿ ಸೈಟ್ ಸ್ಪಷ್ಟ ಕಾಣಬೇಕು ಎಂದು ಬಿಡಿಸಿ ಹೇಳಿ. ಓದುವ ಕನ್ನಡಕದ ನಂಬರು ಇಲ್ಲಿಗೆ ಹೊಂದದು.

10. ನಿಲ್ಲುವ ಮೈಯನ್ನು ಕಟ್ಟಿ

ಏರ್ ರೈಫಲ್‌ನ ತೂಕ ಐದೂವರೆ ಕಿಲೋ ತನಕ ಇರಬಹುದು, ಪಿಸ್ತೂಲ್‌ನದು ಒಂದೂವರೆ ಕಿಲೋ ತನಕ. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇದಕ್ಕೆ ಬೇಕಾದ್ದು ಉಬ್ಬಿದ ತೋಳಲ್ಲ, ಹೊಟ್ಟೆ ಬೆನ್ನಿನ ಬಿಗಿ, ಕಾಲಿನ ನಿಲುವು. ದಿನಕ್ಕೆ ಅರ್ಧ ಗಂಟೆ ನಡಿಗೆ, ಪ್ಲ್ಯಾಂಕ್, ಒಂಟಿ ಕಾಲಿನ ನಿಲುವು ಸಾಕು. ರೇಂಜಿಗೆ ಹೋಗುವ ಮುನ್ನ ಎರಡನೇ ಚಹಾ ಬೇಡ. ನಿದ್ದೆಗೆಟ್ಟ ಮರುದಿನ ಅಂಕ ನೋಡಿ ಅಳುವುದೂ ಬೇಡ.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ತಂದೆಯೂ ಶೂಟರ್. 2013ರಲ್ಲಿ ಸ್ಪರ್ಧೆಗೆಂದು ಹೋದಾಗ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್. ಮೈ ಕೈಕೊಟ್ಟಾಗ ಗುರಿಯನ್ನು ಮುಂದೂಡಬಹುದು, ಅಳಿಸಬೇಕಿಲ್ಲ.

11. ಬಂದೂಕು ಕೊಳ್ಳುವ ಅವಸರ ಬೇಡ

ಮೊದಲ ಆರು ತಿಂಗಳು ಅಕಾಡೆಮಿಯ ಬಂದೂಕೇ ಸಾಕು. ಪಿಸ್ತೂಲೋ ರೈಫಲೋ ಎಂಬುದೇ ಆಗ ತೀರ್ಮಾನವಾಗಿರುವುದಿಲ್ಲ. ದುಡ್ಡನ್ನು ಮೊದಲು ಕೋಚ್ ಶುಲ್ಕಕ್ಕೆ, ಆಮೇಲೆ ಒಳ್ಳೆಯ ಪೆಲೆಟ್‌ಗೆ, ಸರಿಯಾದ ಶೂಗೆ ಹಾಕಿ. ಬಂದೂಕು ಕೊನೆಗೆ. ಪೆಲೆಟ್ ಕೊಂಡಾಗ ಸ್ಪರ್ಧೆಗೆ ಸಾಕಾಗುವಷ್ಟನ್ನು ಒಂದೇ ಬ್ಯಾಚಿನದು ಎತ್ತಿಡಿ.

ಕೊಂಡ ಮೇಲೆ ಅದರ ಆರೈಕೆ ಕಲಿಯಿರಿ. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲ್ ಕೆಟ್ಟು, ಅಮೂಲ್ಯ ನಿಮಿಷಗಳು ದುರಸ್ತಿಗೇ ಹೋದವು. ಫೈನಲ್ ತಪ್ಪಿತು. ಅದೇ ಆಟಗಾರ್ತಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಹುಬ್ಬಳ್ಳಿಯ ಧೂಳು ಎಂಥದ್ದೆಂದು ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಪೆಟ್ಟಿಗೆ ಮುಚ್ಚಿಡಿ, ಸ್ಕ್ರೂಗಳನ್ನು ತಿಂಗಳಿಗೊಮ್ಮೆ ನೋಡಿ, ಗಾಳಿಯ ಸಿಲಿಂಡರ್‌ನ ಅವಧಿ ಬರೆದಿಡಿ.

12. ವಹಿ ಬರೆಯಿರಿ, ಹತ್ತಿರದವರಿಂದ ಕಲಿಯಿರಿ

ಅಂಗಡಿಯವರು ದಿನದ ವಹಿವಾಟು ಬರೆದಿಡುವ ಊರಿನಲ್ಲಿ ಶೂಟರ್‌ಗಳಿಗೆ ವಹಿ ಹೊಸದಾಗಬಾರದು. ಮೂರು ಕಾಲಂ ಸಾಕು: ಇಂದು ಏನು ಸರಿಹೋಯಿತು, ಏನು ತಪ್ಪಿತು, ನಾಳೆ ತಿದ್ದುವ ಒಂದೇ ಒಂದು ಸಂಗತಿ. ಗುಂಡು ಹಾರಿದ ಕ್ಷಣವೇ ಅದು ಎಲ್ಲಿ ಬಿದ್ದಿರಬಹುದು ಎಂದು ಹೇಳಿಕೊಂಡು ಆಮೇಲೆ ಪರದೆ ನೋಡಿ. ಊಹೆಯೂ ಫಲವೂ ಹೊಂದತೊಡಗಿದಾಗ ನಿಮ್ಮ ತಪ್ಪು ನಿಮಗೇ ಕಾಣತೊಡಗಿದೆ ಎಂದರ್ಥ.

ಮಾದರಿಗಳಿಗೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಸ್ಪರ್ಧಿಸುವುದು ತೋಳಿನಿಂದ ರೈಫಲ್‌ನ ಭಾರ ಹೊರಲಾಗದವರು ಆಧಾರಕಂಬ ಬಳಸುವ ಎಸ್‌ಎಚ್2 ವಿಭಾಗದಲ್ಲಿ. 2022ರ ಶಾತೊರು ಪ್ಯಾರಾ ವಿಶ್ವಕಪ್‌ನಲ್ಲಿ ಅವರಿಗೆ ಚಿನ್ನ, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಸ್ಥಾನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯವರು, ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ನೈಋತ್ಯ ರೈಲ್ವೆಯ ಕೇಂದ್ರವಾದ ನಮ್ಮ ಊರಿನಲ್ಲಿ “ಡ್ಯೂಟಿ ಇತ್ರೀ, ಪ್ರಾಕ್ಟೀಸ್ ಆಗಲಿಲ್ಲ” ಎನ್ನುವ ಮುನ್ನ ಅವರನ್ನು ನೆನೆಯಿರಿ.

13. ಸ್ಪರ್ಧೆಯ ದಿನ ಹೊಸದೇನೂ ಬೇಡ

ಹೊಸ ಶೂ, ಹೊಸ ಪೆಲೆಟ್, ಹೊಸ ಸಲಹೆ ಯಾವುದೂ ಬೇಡ. ಅಭ್ಯಾಸದಲ್ಲಿ ತಿಂದದ್ದನ್ನೇ ತಿನ್ನಿ. ಪಕ್ಕದವರ ಪರದೆ ನೋಡಬೇಡಿ, ನಿಮ್ಮ ಒಟ್ಟು ಅಂಕವನ್ನೂ ಮನಸ್ಸಿನಲ್ಲಿ ಕೂಡಿಸಬೇಡಿ. ಎಂಟು ಬಿದ್ದರೆ ಅದು ಮುಗಿಯಿತು. ಅದನ್ನು ಮುಂದಿನ ಗುಂಡಿನಲ್ಲಿ ವಸೂಲಿ ಮಾಡಲು ಹೊರಟರೆ ಇನ್ನೊಂದು ಎಂಟು ಬರುತ್ತದೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮುನ್ನ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡ್‌ನ ಹೆನ್ರಿ ಹಾಕಿನೆನ್ ಸರಿಸಮ. ಬಿಂದ್ರಾ 10.8 ಹೊಡೆದರು, ಹಾಕಿನೆನ್ 9.7. ಒಬ್ಬರಿಗೆ ಚಿನ್ನ, ಇನ್ನೊಬ್ಬರು ಕಂಚಿಗೆ ಇಳಿದರು. ಕೊನೆಯ ಗುಂಡಿಗೆಂದು ಬೇರೆ ವಿದ್ಯೆ ಇಲ್ಲ. ಮನೆಯ ಗೋಡೆಯೆದುರು ಪೆಲೆಟ್ ಇಲ್ಲದೆ ಮಾಡಿದ್ದನ್ನೇ ಅಲ್ಲಿಯೂ ಮಾಡಬೇಕು: ಎತ್ತಿ, ನೋಡಿ, ಒತ್ತಿ. ಅನುಮಾನವಿದ್ದರೆ ಇಳಿಸಿ.